ಗೋಕಿಲಾ ಕೈಯಿಟ್ಟ ಲೈಬ್ರರಿ

ಗೋಪಾಲಸಾಮಿ ಅಣ್ಣನಿಗೆ ಮಂಡಿನೋವು ಜಾಸ್ತಿಯಾಗಿದೆಯಂತೆ ಎಂದು ಯಾರಾದರೂ ಹೇಳಿದರೆ ನನಗೆ ತಣ್ಣನೆ ಮಜ್ಜಿಗೆ ಕುಡಿದಷ್ಟು ಹಿತವಾಗುತ್ತದೆ. ಪಾಪ ಅನ್ನಿಸುವುದಿಲ್ಲವಾ ಎಂದು ಕೇಳಬೇಡಿ. ಅನ್ನಿಸುವುದಿಲ್ಲ. ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟ ಮೇಲೆ, ಆ ಮನುಷ್ಯ ಕಂಬಿ ಹಿಡಿದುಕೊಂಡು ಉಸ್ಸಪ್ಪಾ ಎನ್ನುತ್ತಾ ಮೆಟ್ಟಿಲು ಹತ್ತುವುದನ್ನು ನಿಂತು ನೋಡಿಯೇ ನಾನು ಮನೆಗೆ ಹೊರಡುವುದು. ಮಗ್ಗ ಓಡಿಸುವುದು ತಡವಾದರೂ ಚಿಂತೆಯಿಲ್ಲ.

ಇಷ್ಟು ಹೊಟ್ಟೆಕಿಚ್ಚು ಯಾಕೆ ಅಂದರೆ, ಕೇಳಿ.

ನಾನು ರುಕ್ಮಣಿ. ತಮಿಳು ಸೀಮೆಯ ಸೋಮನೂರಿನಲ್ಲಿ ಮನೆಗೆ ಅಂಟಿಕೊಂಡೇ ನಮ್ಮ ಪವರ್‌ಲೂಮ್ ಶೆಡ್ಡು. ನಾವು ತಲೆತಲಾಂತರದಿಂದ ಇಲ್ಲೇ ನೇಯ್ದುಕೊಂಡು ಬಂದ ಕನ್ನಡದವರು. ಓದಿದ್ದು ಬರೆದದ್ದು ಎಲ್ಲ ತಮಿಳಿನಲ್ಲಿ, ಜಗಳಾಡುವುದು ಮಾತ್ರ ಕನ್ನಡದಲ್ಲಿ. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ. ನಾನು ಗುಟ್ಟು ಹೇಳಿದರೆ ಪಕ್ಕದ ಬೀದಿಗೂ ಕೇಳಿಸುತ್ತದೆ ಎಂದು ನಮ್ಮ ಯಜಮಾನರು ರೇಗಿಸುತ್ತಾರೆ.

ನನ್ನ ಮಗಳು ಗೋಕಿಲಾ ಹತ್ತನೇ ಕ್ಲಾಸು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ, ವೀಲ್‌ಚೇರಿನಲ್ಲೇ ಓಡಾಟ. ಮಾತೂ ನಿಧಾನ, ಒಂದೊಂದು ಪದ ಹೊರಬರಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲದವರು ಅವಳಿಗೆ ಬುದ್ಧಿಯೇ ಇಲ್ಲ ಎಂದುಕೊಂಡು ಹೊರಟುಹೋಗುತ್ತಾರೆ. ಬುದ್ಧಿ ಇಲ್ಲದವರು ಅವರೇ. ನನ್ನ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ. ಬಜ್ಜಿ ಕಟ್ಟಿಕೊಟ್ಟ ಪೇಪರು, ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟಿರುವ ಚೀಟಿ, ಯಾವುದನ್ನೂ ಬಿಡುವವಳಲ್ಲ.

ಅವಳ ಶಾಲೆ ನಮ್ಮ ನೇಕಾರರೇ ಸೇರಿ ಕಟ್ಟಿದ್ದು, ಪ್ಲಸ್ ಟು ಅಂದರೆ ಹನ್ನೆರಡನೇ ಕ್ಲಾಸಿನವರೆಗೆ ಇದೆ. ಅದರ ಕರೆಸ್ಪಾಂಡೆಂಟ್, ಅಂದರೆ ಆಡಳಿತವೆಲ್ಲ ಕೈಯಲ್ಲಿಟ್ಟುಕೊಂಡವರು, ಗೋಪಾಲಸಾಮಿ ಅಣ್ಣ. ನೂಲಿನ ವ್ಯಾಪಾರಿ, ನಮ್ಮ ಜನವೇ. ಜೂನ್ ತಿಂಗಳಲ್ಲಿ ಅವರು ತಮ್ಮ ತಾಯಿ ಸೌಡಮ್ಮನ ಹೆಸರಿನಲ್ಲಿ ಶಾಲೆಗೆ ದೊಡ್ಡ ಲೈಬ್ರರಿ ಮಾಡಿಸಿದರು. ಎಲ್ಲಿ? ಮಾಳಿಗೆ ಮೇಲೆ. ಲಿಫ್ಟ್ ಇಲ್ಲ. ಗೇಟಿನ ಹತ್ತಿರ ಒಂದು ಇಳಿಜಾರು ಕಟ್ಟಿಸಿದ್ದಾರೆ, ಅದೂ ಮೇಲೆ ಹೋಗಿ ಒಂದು ಮೆಟ್ಟಿಲಿಗೆ ಮುಟ್ಟಿ ನಿಲ್ಲುತ್ತದೆ. ಸರ್ಕಾರದವರು ಬಂದರೆ ತೋರಿಸಲು ಅದು. ವೀಲ್‌ಚೇರಿಗಲ್ಲ.

ಲೈಬ್ರರಿ ತೆರೆದ ದಿನ ಗೋಕಿಲಾಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೇಲಕ್ಕೆ ಹೊತ್ತರು. ನಾನು ದಡ್ಡಿ, ಹಿಗ್ಗಿ ಹೀರೆಕಾಯಿಯಾಗಿ ಹಿಂದೆ ಹಿಂದೆಯೇ ಹತ್ತಿದೆ. ಅವಳ ಕೈಗೆ ಸಮುದ್ರದ ತಳದ ಪ್ರಾಣಿಗಳ ಒಂದು ದಪ್ಪ ಪುಸ್ತಕ ಕೊಟ್ಟರು. ಫೋಟೋ ಹೊಡೆದರು. ಅವಳು ಆಗಲೇ ಓದಲು ಶುರುಮಾಡಿ, ಎಂಟು ಕೈಯ ಅದ್ಯಾವುದೋ ಪ್ರಾಣಿಯ ಚಿತ್ರದವರೆಗೆ ಬಂದಿದ್ದಳು. ಅಷ್ಟರಲ್ಲಿ ಒಬ್ಬ ಬಂದು "ಸಾಕು ಪಾಪಾ, ಆಯ್ತು" ಎಂದು ಪುಸ್ತಕವನ್ನು ಕೈಯಿಂದ ಕಿತ್ತು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಇಳಿಸುವಾಗ ಗೋಡೆಗೆ ತಾಗಿ ಅವಳ ಮೊಣಕೈ ಚರ್ಮ ಕಿತ್ತುಬಂತು. ಅವಳು ಅಳಲಿಲ್ಲ. ಮನೆಗೆ ಬಂದ ಮೇಲೆ "ಅಮ್ಮಾ, ಅದು ಏನು ತಿನ್ನುತ್ತೆ ಅಂತ ಮುಂದಿನ ಪುಟದಲ್ಲಿತ್ತು" ಅಂದಳು, ಅಷ್ಟೇ.

ಆಮೇಲೆ ಅವಳನ್ನು ಮೇಲಕ್ಕೆ ಕರೆದೊಯ್ದವರಿಲ್ಲ. ಆ ಫೋಟೋ ಮಾತ್ರ ಬಸ್ ಸ್ಟಾಪಿನ ಹತ್ತಿರ ದೊಡ್ಡ ಫ್ಲೆಕ್ಸ್ ಆಯಿತು. 'ಎಲ್ಲರಿಗೂ ತೆರೆದ ಲೈಬ್ರರಿ' ಎಂದು ತಮಿಳಿನಲ್ಲಿ ಬರೆದು, ಕೆಳಗೆ ನನ್ನ ಮಗಳ ನಗುಮುಖ, ಪಕ್ಕದಲ್ಲಿ ಅಣ್ಣನ ಕೈಮುಗಿದ ಮುಖ. ದಿನಾ ಅದರ ಕೆಳಗೇ ವೀಲ್‌ಚೇರು ತಳ್ಳಿಕೊಂಡು ಹೋಗಬೇಕು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಒಳ್ಳೆಯ ಮಾತಿನಲ್ಲೇ ಕೇಳಿದೆ. ಲೈಬ್ರರಿ ನೋಡಿಕೊಳ್ಳುವ ಇಂದುಜಾ ಟೀಚರ್ ಒಳ್ಳೆಯ ಹುಡುಗಿ. ಲೈಬ್ರರಿ ಕೆಳಗಿರಬೇಕು ಎಂದು ಅವರೂ ಎರಡು ಮೂರು ಸಲ ಹೇಳಿ ಬೈಸಿಕೊಂಡಿದ್ದರು. ಶಾಲೆಯ ಕೆಳಗಡೆ ಒಂದು ದೊಡ್ಡ ಎಸಿ ಹಾಲ್ ಇದೆ. ನೇಕಾರರ ಸಂಘದ ಮೀಟಿಂಗಿಗೆ ಅಂತ ಇಟ್ಟಿರುವುದು, ಮಿಕ್ಕ ದಿನವೆಲ್ಲ ಅಣ್ಣನೊಬ್ಬನೇ ಅಲ್ಲಿ ಕಾಲು ಚಾಚಿ ಕೂರುವುದು. ಅಲ್ಲಿಗೇ ಹೋದೆ.

"ಅಣ್ಣಾ, ಮೀಟಿಂಗು ಮೇಲೆ ಮಾಡ್ಕೊಳ್ಳಿ, ಲೈಬ್ರರಿ ಇಲ್ಲಿಗೆ ತನ್ನಿ. ನಿಮಗೆ ಪುಣ್ಯ ಬರುತ್ತೆ."

"ಒಬ್ಬಳಿಗೋಸ್ಕರ ಅಷ್ಟು ಬೀರು ಇಳಿಸಕ್ಕಾಗುತ್ತಾ ಅಮ್ಮಣಿ?" ಎಂದು ನಕ್ಕರು.

"ಒಬ್ಬಳಲ್ಲ ಅಣ್ಣಾ. ಒಂಬತ್ತನೇ ಕ್ಲಾಸಿನ ಕೃತ್ತಿಕಾಗೆ ಕಣ್ಣು ಮಂಜು. ಆ ಮೆಟ್ಟಿಲಲ್ಲಿ ಬಿದ್ದು ಹಲ್ಲು ಮುರ್ಕೊಂಡ್ಲು. ಈಗ ಅವಳೂ ಹತ್ತಲ್ಲ."

"ಬೇಕಾದ ಪುಸ್ತಕದ ಹೆಸರು ಹೇಳಿ ಕಳ್ಸು. ನಮ್ಮ ಕಾಳಿಯಪ್ಪನ್ ತಂದ್ಕೊಡ್ತಾನೆ." ಕಾಳಿಯಪ್ಪನ್ ಅಂದರೆ ಶಾಲೆಯ ಅಟೆಂಡರ್.

ಗೋಕಿಲಾ ಬಾಗಿಲಲ್ಲೇ ಇದ್ದಳು. "ಮಾಮಾ... ಹೆಸರು... ಗೊತ್ತಿಲ್ಲ. ನೋಡಿದ್ರೆ... ತಾನೆ..." ಎಂದು ಶುರುಮಾಡಿದಳು. ನೋಡಿದರೆ ತಾನೆ ಯಾವುದು ಬೇಕೆಂದು ತಿಳಿಯುವುದು ಎಂದು ಹೇಳಲು ಹೊರಟಿದ್ದಳು. ಅವಳು ಮುಗಿಸುವಷ್ಟರಲ್ಲಿ ಅಣ್ಣ ಫೋನ್ ಎತ್ತಿಕೊಂಡಾಗಿತ್ತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ನಡೆಯಕ್ಕಾಗದ ಮಕ್ಕಳಿಗೆ ಲೈಬ್ರರಿ ಯಾಕಮ್ಮಾ, ಫೋನ್ ತೆಗೆದುಕೊಡು ಸಾಕು" ಎಂದರು.

ಆ ಮಾತು ಅವಳ ಮುಂದೆಯೇ ಆಡಿದರು. ಅವಳು ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಆವತ್ತೇ ನಿಶ್ಚಯ ಮಾಡಿದೆ, ಈ ಮನುಷ್ಯನನ್ನು ಆ ಮೆಟ್ಟಿಲು ಹತ್ತಿಸದೆ ಬಿಡುವುದಿಲ್ಲ ಎಂದು.

ಮನೆಗೆ ಬಂದವಳೇ ಬಕೆಟ್ಟಿನಲ್ಲಿ ಸಗಣಿ ಕಲಸಲು ಕೂತೆ. ನಮ್ಮತ್ತೆ ಬೆಳ್ಳಿಯಮ್ಮ ನೂಲು ಸುತ್ತುತ್ತಾ ಕೇಳಿದರು, "ಏನೇ ಅದು?"

"ಫ್ಲೆಕ್ಸಿಗೆ ಎಸೀತೀನಿ."

"ಎಸಿ. ಅದರಲ್ಲಿ ನನ್ನ ಮೊಮ್ಮಗಳ ಮುಖಾನೂ ಇದೆ, ಗೊತ್ತಿರ್ಲಿ."

ನನ್ನ ಕೈ ನಿಂತಿತು. ಅತ್ತೆ ನೂಲಿನಿಂದ ಕಣ್ಣೆತ್ತಲಿಲ್ಲ. "ಕೈ ತೊಳ್ಕೋ. ಆಯುಧಪೂಜೆ ಬರ್ಲಿ. ಅವನ ಕೈಯಿಂದಲೇ ಅವನಿಗೆ ಮಾಡಿಸ್ತೀನಿ" ಎಂದರು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಆಯುಧಪೂಜೆಗೆ ಮಗ್ಗ ನಿಲ್ಲಿಸಿ ಗಂಧ ಕುಂಕುಮ ಇಡುತ್ತೇವೆ. ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ಮನೆಯ ಒಬ್ಬಳು ಹೆಣ್ಣುಮಗು ಬಂದು ಮಗ್ಗಕ್ಕೆ ಕೈಯಿಡಬೇಕು. ಅವಳು ಕೈಯಿಟ್ಟ ಮೇಲೆ ಮಗ್ಗದ ಮೇಲಿರುವ ಪಾವು, ಅಂದರೆ ಏರಿಸಿದ ಹಾಸುನೂಲು, ಪೂರ್ತಿ ನೇಯ್ದು ಮುಗಿಯುವವರೆಗೂ ಆ ಮಗ್ಗ ಅವಳದ್ದು. ಅವಳು ಹೂಂ ಅಂದರೆ ಬೇರೆಯವರು ಎಳೆ ಕಟ್ಟಬಹುದು, ಬಟ್ಟೆ ನೇಯಬಹುದು. ಆದರೆ ಮಗ್ಗವನ್ನು ನಿಂತ ಜಾಗದಿಂದ ಯಾರೂ ಕದಲಿಸುವ ಹಾಗಿಲ್ಲ. ಕದಲಿಸಿದರೆ ಅವಳಿಟ್ಟ ಕೈ ಮುರಿದ ಹಾಗೆ, ನಮ್ಮ ಕುಲದೇವಿ ಸೌಡೇಶ್ವರಿ ಆ ಮನೆಯಿಂದ ಮುಖ ತಿರುಗಿಸುತ್ತಾಳೆ. ನಮ್ಮಲ್ಲಿ ಇಂಜಿನಿಯರ್ ಓದಿ ಬಂದವರೂ ಇದನ್ನು ಮೀರುವುದಿಲ್ಲ.

ಗೋಪಾಲಸಾಮಿ ಅಣ್ಣನ ತಾಯಿ ಸೌಡಮ್ಮನಂತೂ ಇದರಲ್ಲಿ ಬಲು ಗಟ್ಟಿ. ಒಂದು ವರ್ಷ ಅವರ ಮನೆಯಲ್ಲಿ ಕೈಯಿಟ್ಟ ಹುಡುಗಿ ಮೈಮೇಲೆ ಅಮ್ಮ ಎದ್ದು, ಪಾವು ಮುಗಿಯುವ ಮೊದಲೇ ಮಲಗಿಬಿಟ್ಟಳು. ಹೊಸ ಶೆಡ್ಡಿಗೆ ಮಗ್ಗ ಸಾಗಿಸದಿದ್ದರೆ ಫಾರಿನ್ ಆರ್ಡರ್ ಕೈತಪ್ಪುತ್ತದೆ ಎಂದು ಮಗ ಬಾಯಿ ಬಡಿದುಕೊಂಡರೂ ಆ ಯಮ್ಮ ಮಗ್ಗದ ಮುಂದೆ ಅಡ್ಡ ಮಲಗಿದರಂತೆ. ಆರ್ಡರ್ ಹೋಯಿತು. ಈಗ ಅಣ್ಣ ಎಲ್ಲ ಸಭೆಯಲ್ಲೂ ಅದನ್ನೇ ಹೆಮ್ಮೆಯಿಂದ ಹೇಳುತ್ತಾರೆ: "ನಮ್ಮಮ್ಮ ಆರ್ಡರ್ ಬಿಟ್ಟಳು, ಕೈ ಮುರೀಲಿಲ್ಲ!" ಚಪ್ಪಾಳೆಯೂ ಬೀಳುತ್ತದೆ.

ನವರಾತ್ರಿ ಹತ್ತಿರ ಬರುತ್ತಲೇ ಅತ್ತೆ ಒಂದು ಡಬ್ಬಿ ಒಬ್ಬಟ್ಟು ಮಾಡಿಸಿಕೊಂಡು, ನನ್ನನ್ನೂ ಕರೆದುಕೊಂಡು ಅಣ್ಣನ ಮನೆಗೆ ಹೋದರು. ನಮ್ಮ ಜನರಲ್ಲಿ ಅತ್ತೆಯೇ ಈಗ ಹಿರಿಯರು, ಪೂಜೆ ಪುನಸ್ಕಾರದಲ್ಲಿ ಅವರ ಮಾತೇ ಕೊನೆ.

"ಯಾಕೋ ಗೋಪಾಲು, ನಿಮ್ಮಮ್ಮನ ಹೆಸರಲ್ಲಿ ಅಷ್ಟು ದೊಡ್ಡ ಲೈಬ್ರರಿ ಮಾಡ್ಸಿದೀಯ, ಮೊದಲನೇ ಪೂಜೆ ಜೋರಾಗಿ ಮಾಡ್ಬೇಡ್ವೇನೋ? ಎಲ್ಲಾ ಪುಸ್ತಕಕ್ಕೂ ಗಂಧ ಕುಂಕುಮ ಬೀಳ್ಬೇಕು. ನಮ್ಮ ಹೆಂಗಸರೆಲ್ಲ ಬತ್ತೀವಿ. ಆದರೆ ಆ ಮೆಟ್ಟಿಲು..." ಎಂದು ಮಂಡಿ ಹಿಡಿದುಕೊಂಡು ನರಳಿದರು. ಆಹಾ, ಏನು ನಟನೆ! ನಮ್ಮತ್ತೆ ದಿನಾ ತಾರಸಿಗೆ ಹತ್ತಿಹೋಗಿ ನೂಲು ಒಣಗಿಸುವವರು.

"ಅಯ್ಯೋ ದೊಡ್ಡಮ್ಮಾ, ನಿಮ್ಮನ್ನ ಹತ್ತಿಸ್ತೀನಾ? ಎಲ್ಲಾನೂ ಕೆಳಗೆ ಇಳಿಸ್ಬಿಡ್ತೀನಿ!" ಎಂದರು ಅಣ್ಣ.

ಕೇಳಿದಿರಾ? ನನ್ನ ಮಗಳಿಗೆ ಆಗದಿದ್ದದ್ದು ಮುದುಕಿಯರ ಮಂಡಿಗೆ ಒಂದೇ ಮಾತಿನಲ್ಲಿ ಆಯಿತು. ಬೀರು, ಮೇಜು, ಪುಸ್ತಕ ಎಲ್ಲ ಸರಸರನೆ ಇಳಿದು ಎಸಿ ಹಾಲಿಗೆ ಬಂದವು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಹಲ್ಲು ಕಚ್ಚಿಕೊಂಡು ಬೆಣ್ಣೆ ಹಚ್ಚಿದೆ. "ಅಣ್ಣಾ, ಕೈಯಿಡಕ್ಕೆ ಫ್ಲೆಕ್ಸಲ್ಲಿರೋ ನಮ್ಮ ಹುಡುಗೀನೇ ಆದರೆ ಪೇಪರಿನವರು ಓಡಿ ಬರ್ತಾರೆ, ಅಲ್ವಾ?"

"ಸೂಪರ್ ಅಮ್ಮಣಿ!" ಎಂದರು. ಕಣ್ಣಲ್ಲಿ ಆಗಲೇ ಫೋಟೋ ಹೊಳೆಯುತ್ತಿತ್ತು.

ಆ ರಾತ್ರಿ ಅತ್ತೆ ಗೋಕಿಲಾಳ ಪಕ್ಕ ಕೂತು ಎಲ್ಲ ಹೇಳಿದರು. ನಿನಗೆ ಇಷ್ಟವಿಲ್ಲದಿದ್ದರೆ ಬೇಡ ನನ್ನ ಕಣ್ಣು ಎಂದೂ ಹೇಳಿದರು. ಅವಳು ಅಜ್ಜಿಯ ಮುಖ ನೋಡಿ, "ಅವ್ವಾ, ನಾನು ಎಷ್ಟು ಬೀರುವಿಗೆ ಕೈಯಿಡಬಹುದು?" ಎಂದು ಕೇಳಿದಳು. ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು.

ವಿಜಯದಶಮಿ ಬೆಳಿಗ್ಗೆ ಹಾಲ್ ತುಂಬಾ ಜನ. ಸಂಘದ ಹಿರಿಯರು, ಪುಟ್ಟ ಮಕ್ಕಳನ್ನು ಶಾಲೆಗೆ ಸೇರಿಸಲು ಬಂದ ತಾಯಿತಂದೆಯರು, ಕ್ಯಾಮೆರಾ ಹಿಡಿದವರು. ಮುಂದೆ ಸೌಡೇಶ್ವರಿಯ ಪಟ, ದೀಪ. ಅಣ್ಣ ಮೈಕ್ ಹಿಡಿದು ತಾಯಿಯ ಕತೆ ಹೇಳಿದರು, ಆರ್ಡರ್ ಬಿಟ್ಟ ಕತೆ, ಕೈ ಮುರಿಯದ ಕತೆ. ಚಪ್ಪಾಳೆ. ಆಮೇಲೆ, "ಇವತ್ತು ನಮ್ಮಮ್ಮನ ಲೈಬ್ರರಿಗೆ ಕೈಯಿಡೋದು ನಮ್ಮ ಗೋಕಿಲಾ!" ಎಂದು ದೇವಿಯ ಮುಂದೆ ಕೂಗಿದರು. ನನ್ನ ಎದೆ ಮಗ್ಗಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಗೋಕಿಲಾ ಒಂದು ಪುಸ್ತಕ ಮುಟ್ಟುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮೊದಲನೇ ಬೀರುವಿನ ಹತ್ತಿರ ಹೋಗಿ, ಕೈ ಚಾಚಿ, ಸಾಲಾಗಿ ನಿಂತ ಪುಸ್ತಕಗಳ ಬೆನ್ನಿನ ಮೇಲೆ ಬೆರಳು ಆಡಿಸುತ್ತಾ ಹೊರಟಳು. ಒಂದು ಬೀರು ಮುಗಿದು ಇನ್ನೊಂದು. ಅದು ಮುಗಿದು ಮತ್ತೊಂದು. ಎಟುಕದ ಮೇಲಿನ ಸಾಲಿನವನ್ನು ಇಂದುಜಾ ಟೀಚರ್ ಇಳಿಸಿ ಹಿಡಿದುಕೊಟ್ಟರು. ಕ್ಯಾಮೆರಾದವರು ಸುಸ್ತಾಗಿ ಕೂತರು. ಹಾಲಿನಲ್ಲಿದ್ದ ಎಲ್ಲ ಬೀರುವೂ ಮುಗಿದ ಮೇಲೆ, ಅದೇ ಸಮುದ್ರದ ಪುಸ್ತಕ ಹುಡುಕಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಸರಿ, ಫೋಟೋ ಆಯ್ತು" ಎಂದರು ಅಣ್ಣ. "ಏ ಕಾಳಿಯಪ್ಪಾ, ನಾಲ್ಕು ಜನ ಕರ್ಕೊಂಡು ಬೀರುಗಳನ್ನ ಮೇಲೆ ಸಾಗಿಸು."

"ಮುಟ್ಟಬೇಡ್ರೋ!" ನಮ್ಮತ್ತೆಯ ಕೂಗಿಗೆ ದೀಪವೇ ಅಲ್ಲಾಡಿತು. "ಕೈಯಿಟ್ಟ ಮೇಲೆ ಕದಲಿಸ್ತೀಯೇನೋ ಗೋಪಾಲು?"

ಅಣ್ಣ ನಕ್ಕರು. "ದೊಡ್ಡಮ್ಮಾ, ಇದೇನು ಮಗ್ಗವಾ? ಪುಸ್ತಕ."

"ನಿನ್ನೆ ಇದಕ್ಕೆ ಕುಂಕುಮ ಇಟ್ಟವನು ಯಾರು? ಈಗ ದೇವಿ ಮುಂದೆ ಮೈಕಲ್ಲಿ ಕೈಯಿಡ್ತಾಳೆ ಅಂದವನು ಯಾರು? ನಾನಾ? ಪಾವು ಮುಗಿಯೋ ತನಕ ಮಗ್ಗ ಕದಲಲ್ಲ. ಪುಸ್ತಕ ಮುಗಿಯೋದು ಅಂದರೆ ಏನು, ಓದಿ ಮುಗಿಸೋದು ತಾನೆ? ಅವಳು ಓದಿ ಮುಗಿಸ್ಲಿ. ಆಮೇಲೆ ಎಲ್ಲಿಗೆ ಬೇಕೋ ಸಾಗಿಸ್ಕೋ."

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಹಿರಿಯರೊಬ್ಬರು, "ಸೌಡಮ್ಮನ ಮಗ ಆಗಿ ಕೈ ಮುರಿಯೋದುಂಟಾ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಅಂದರು. ಅಣ್ಣನ ಮುಖ ಹುಳ್ಳಗಾಯಿತು. ಗೋಡೆಯ ಮೇಲೆ ತಾಯಿಯ ಫೋಟೋ, ಕೈಯಲ್ಲಿ ಇನ್ನೂ ಮೈಕ್. ಆ ಮುಖ ನೋಡಲು ನಾನು ನಾಲ್ಕು ತಿಂಗಳು ಕಾದಿದ್ದೆ. ಕಣ್ತುಂಬಾ ನೋಡಿದೆ.

ಅಣ್ಣ ಗೋಕಿಲಾಳ ಕಡೆ ಬಗ್ಗಿದರು. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಕಣ್ಣು, ನಿನಗೆ ಬೇಕಾದ್ದು ಒಂದು ತಗೋಮ್ಮಾ. ಮಿಕ್ಕಿದ್ದು ಬಿಟ್ಬಿಡು. ಏನಂತೀಯ?"

ಗೋಕಿಲಾ ತಲೆಯೆತ್ತಿದಳು. ಇಡೀ ಹಾಲ್ ಅವಳ ಬಾಯನ್ನೇ ನೋಡುತ್ತಿತ್ತು. ಫೋನ್ ಎತ್ತಲು ಯಾರಿಗೂ ಧೈರ್ಯವಿರಲಿಲ್ಲ.

"ಮಾಮಾ..." ಎಂದಳು. ಎಲ್ಲರೂ ಕಾದರು. "ನಾನು..." ಮತ್ತೆ ಕಾದರು. ಮೈಕ್ ಹಿಡಿದ ಆ ಮನುಷ್ಯನೂ ಬಗ್ಗಿದ ಹಾಗೆಯೇ ಕಾದ. "ಎಲ್ಲದಕ್ಕೂ... ಕೈಯಿಟ್ಟೆನಲ್ಲ."

ಅವಳ ಒಂದು ವಾಕ್ಯ ಮುಗಿಯುವವರೆಗೆ ಇಷ್ಟು ಜನ ಕಾದದ್ದು ಅವಳ ಜನ್ಮದಲ್ಲೇ ಮೊದಲು. ನನಗೆ ಅಳುವೂ ಬಂತು, ನಗುವೂ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ.

ಅಲ್ಲಿಂದ ಅಣ್ಣನ ದಿನ ಕೆಟ್ಟಿತು. ಅವರ ಮೇಜು, ಸಂಘದ ಮೀಟಿಂಗು, ಗೆದ್ದ ಶೀಲ್ಡುಗಳು ಎಲ್ಲ ಮಾಳಿಗೆಗೆ ಹೋದವು. ಮೇಲೆ ತಗಡಿನ ಸೂರು, ಎಸಿ ಇಲ್ಲ. ಮೊದಲ ವಾರ ದರ್ಪದಿಂದಲೇ ಹತ್ತಿದರು. ಆಮೇಲೆ ಮಂಡಿ ಹಿಡಿಯಿತು. ಒಂದು ದಿನ ನಡು ಮೆಟ್ಟಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಗ ನಾನು ಕೆಳಗಿನಿಂದ ಕೂಗಿದೆ, "ಅಣ್ಣಾ, ಏನು ಬೇಕೋ ಹೆಸರು ಹೇಳಿ, ಕಾಳಿಯಪ್ಪನ್ ತಂದ್ಕೊಡ್ತಾನೆ!" ನನ್ನ ಗಂಟಲು ಗೊತ್ತಲ್ಲ, ಇಡೀ ಶಾಲೆ ನಕ್ಕಿತು.

ಕೆಳಗೆ ಗೋಕಿಲಾ ಯಜಮಾನಿ. ಯಾರಾದರೂ ಪುಸ್ತಕ ತೆಗೆಯಬೇಕಾದರೆ "ಅಕ್ಕಾ, ತಗೊಳ್ಳಲಾ?" ಎಂದು ಕೇಳುತ್ತಾರೆ, ಅವಳು ತಲೆಯಾಡಿಸುತ್ತಾಳೆ. ಇಂದುಜಾ ಟೀಚರ್ ಎತ್ತರದ ಸಾಲುಗಳನ್ನೆಲ್ಲ ಕೈಗೆಟುಕುವಷ್ಟಕ್ಕೆ ಇಳಿಸಿದರು, ಬೀರುಗಳ ನಡುವೆ ವೀಲ್‌ಚೇರು ತಿರುಗುವಷ್ಟು ಜಾಗ ಬಿಡಿಸಿದರು. ಕೃತ್ತಿಕಾ ಕಿಟಕಿಯ ಬೆಳಕಿಗೆ ಕೂತು, ಅಂಗೈಯಗಲದ ಭೂತಗನ್ನಡಿ ಹಿಡಿದು ಓದುತ್ತಾಳೆ. ಮೆಟ್ಟಿಲಿಗೆ ಹೆದರುತ್ತಿದ್ದ ಆ ಹುಡುಗಿ ಈಗ ಬೆಲ್ ಹೊಡೆದರೂ ಏಳುವುದಿಲ್ಲ.

ಆದರೆ ನನಗೆ ಒಳಗೊಳಗೇ ಭಯ ಶುರುವಾಯಿತು. ನನ್ನ ಮಗಳು ಮಾತಿನಲ್ಲಿ ನಿಧಾನವೇ ಹೊರತು ಓದಿನಲ್ಲಲ್ಲ. ಊಟದ ಬಿಡುವಿನಲ್ಲಿ, ಸಂಜೆ ನಾನು ಕರೆದೊಯ್ಯಲು ಬರುವವರೆಗೆ, ಓದಿಯೇ ಓದುತ್ತಾಳೆ. ಪೊಂಗಲ್ ಹೊತ್ತಿಗೆ ಮೊದಲನೇ ಬೀರು ಪೂರ್ತಿ ಅವಳ ಕೈಯಲ್ಲಿ ಹಾದುಹೋಗಿತ್ತು. ಕಾಳಿಯಪ್ಪನ್ ಇಣುಕಿ ನೋಡಿ ಹೋಗಿ ಮೇಲೆ ವರದಿ ಒಪ್ಪಿಸುತ್ತಿದ್ದ. ಮುಗಿದ ಬೀರುಗಳನ್ನು ಒಂದೊಂದಾಗಿ ಮೇಲೆ ಸಾಗಿಸಿಬಿಡೋಣ ಎಂದು ಅಣ್ಣ ಹೇಳಿಕೊಂಡು ತಿರುಗುತ್ತಿದ್ದರಂತೆ. ಅಯ್ಯೋ ಪೆದ್ದೀ, ನಿಧಾನವಾಗಿ ಓದಬಾರದಾ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಓದಬೇಡ ಎಂದು ಅವಳಿಗೆ ಹೇಗೆ ಹೇಳಲಿ?

ಮೊನ್ನೆ ಸಂಜೆ ಅಣ್ಣ ತಾವೇ ಇಳಿದು ಬಂದರು. ಹಿಂದೆ ಹಗ್ಗ ಹಿಡಿದ ಆಳುಗಳು. ನಾನೂ ಅಲ್ಲೇ ಇದ್ದೆ.

"ಕಣ್ಣು, ಈ ಬೀರು ಮುಗೀತಾ?"

"ಇಲ್ಲ ಮಾಮಾ."

"ಮುಗೀಲಿಲ್ವಾ? ಎಲ್ಲಾ ಓದಿದ್ದು ಕಾಳಿಯಪ್ಪನ್ ನೋಡಿದಾನೆ."

"ದೇವಿ ಮೇಲೆ... ಆಣೆ. ಒಂದು ಪುಸ್ತಕಾನೂ... ಮುಗಿದಿಲ್ಲ."

ಸೌಡೇಶ್ವರಿ ಮೇಲೆ ಆಣೆ ಅಂದ ಮೇಲೆ ಯಾರು ಏನು ಮಾತಾಡುತ್ತಾರೆ? ಆಳುಗಳು ಹಗ್ಗ ಸುತ್ತಿಕೊಂಡರು. ಅಣ್ಣ ಕಂಬಿ ಹಿಡಿದು, ಉಸ್ಸಪ್ಪಾ ಎನ್ನುತ್ತಾ, ಮತ್ತೆ ಹತ್ತಿದರು.

ಗೇಟು ದಾಟುವವರೆಗೂ ತಡೆದುಕೊಂಡಿದ್ದೆ. ದಾಟಿದ ಕೂಡಲೇ ಶುರುಮಾಡಿದೆ, "ಏನೇ ನೀನು! ದೇವಿ ಮೇಲೆ ಸುಳ್ಳಾಣೆ ಇಡ್ತಾರೇನೇ? ಅಷ್ಟೂ ಓದಿದ್ದು ನಾನೇ ನೋಡಿಲ್ವಾ?"

"ಸುಳ್ಳಲ್ಲಮ್ಮಾ." ಅವಳು ತೊಡೆಯ ಮೇಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ವೀಲ್‌ಚೇರು ನಿಲ್ಲಿಸಿ ಕಾದೆ. "ಎಲ್ಲದರಲ್ಲೂ... ಕೊನೇ ಪುಟ... ಬಿಟ್ಟಿದೀನಿ."

ಬಜ್ಜಿ ಪೇಪರಿನ ಎಣ್ಣೆ ಹತ್ತಿದ ಮೂಲೆಯನ್ನೂ ಬೆಳಕಿಗೆ ಹಿಡಿದು ಓದುವ ಹುಡುಗಿ. ಅಷ್ಟು ಕತೆಗಳಲ್ಲಿ ಕೊನೆಗೆ ಯಾರು ಬದುಕಿದರು, ಯಾರು ಮನೆಗೆ ಬಂದರು, ಒಂದೂ ತಿಳಿಯದೆ ಮುಚ್ಚಿ ಮುಚ್ಚಿ ಇಟ್ಟಿದ್ದಾಳೆ. ನನ್ನ ಸಿಟ್ಟು ಕೂಗಿ ಕೂಗಿ ತೀರುವಂಥದ್ದು. ಅವಳದ್ದು ಇಷ್ಟು ದಿನ ಸದ್ದಿಲ್ಲದೆ ಕೂತಿತ್ತು.

"ಆ ಸಮುದ್ರದ ಪುಸ್ತಕದಲ್ಲೂನಾ?" ಎಂದೆ.

"ಅದರಲ್ಲೂ."

ಬಸ್ ಸ್ಟಾಪ್ ಬಂತು. ಫ್ಲೆಕ್ಸ್ ಬಣ್ಣ ಮಾಸಿತ್ತು, ಅಣ್ಣನ ಮುಖವೂ ಮಾಸಿತ್ತು. ಗೋಕಿಲಾ ಕತ್ತೆತ್ತಿ ನೋಡಿದಳು.

"ಪ್ಲಸ್ ಟು ಮುಗಿಯೋ ದಿನ... ಎಲ್ಲಾ ಕೊನೇ ಪುಟಾನೂ... ಕೂತು ಓದ್ತೀನಿ. ಅದಕ್ಕೂ ಮುಂಚಿನ ಪೂಜೆಗೆ... ಕೃತ್ತಿಕಾ ಕೈಯಿಟ್ಟಿರ್ತಾಳೆ. ಅವಳಿಗೂ... ಹೇಳ್ಕೊಟ್ಟಿದೀನಿ."

"ಅಲ್ಲಿವರೆಗೆ?"

"ಮಾಮಾ ಹತ್ತಲಿ ಬಿಡಮ್ಮಾ" ಎಂದಳು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಇಟ್ಟು ಹೇಳಿದಳು. "ನನಗೆ... ಏನೂ... ಅವಸರ ಇಲ್ಲ."